ಮೂರೇ ಯಾಕೆ ಸಾರ್, ನಾಲ್ಕು ಯಾಕಿಲ್ಲ?

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡವರ ಮೊದಲ ವರ್ಷ ಹೇಗಿರುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಅರ್ಥವಾದದ್ದು, ಆಗದ್ದು ಎಲ್ಲವನ್ನೂ ಒಂದೇ ಸಮನೆ ಉರು ಹೊಡೆಯುವುದು. ಹಾಗೆ ಉರು ಹೊಡೆದದ್ದರಲ್ಲಿ ಒಂದು ಸಂಗತಿ ನನಗೆ ಇವತ್ತಿಗೂ ಮಂತ್ರದ ಹಾಗೆ ಬಾಯಿಗೆ ಬರುತ್ತದೆ. ಕೆಂಪಗೆ ಕಾದ ಕಬ್ಬಿಣದ ಕೊಳವೆ, 873 ಕೆಲ್ವಿನ್ ಉಷ್ಣತೆ, ಒಳಗೆ ಅಸಿಟಿಲೀನ್ ಅನಿಲ. ಅದರ ಮೂರು ಅಣುಗಳು ಕೈಕೈ ಹಿಡಿದುಕೊಂಡರೆ ಬೆಂಜೀನ್. ಪರೀಕ್ಷೆಯಲ್ಲಿ ಎರಡು ಅಂಕ ಗ್ಯಾರಂಟಿ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಮೇಷ್ಟ್ರು ಬೋರ್ಡಿನ ಮೇಲೆ ಮೂರು ಗೀಟು ಎಳೆದು, ಅವುಗಳ ತುದಿಗಳನ್ನು ಚುಕ್ಕೆಗಳಿಂದ ಸೇರಿಸಿ, ಪಕ್ಕದಲ್ಲಿ ಷಟ್ಕೋನ ಬರೆದರು. ಹಿಂದಿನ ಬೆಂಚಿನಿಂದ ನನ್ನ ಗೆಳೆಯನೊಬ್ಬ ಎದ್ದು ನಿಂತು ಕೇಳಿದ: "ಮೂರೇ ಯಾಕೆ ಸಾರ್? ನಾಲ್ಕು ಸೇರಿದ್ರೆ ಏನಾಗುತ್ತೆ?" ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದು, "ನಾಲ್ಕು ಸಿಲಬಸ್ಸಿನಲ್ಲಿಲ್ಲ ಕಣಯ್ಯಾ, ಕೂತ್ಕೋ" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಅವನು ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಓದು ಬಿಟ್ಟ. ನಾನು ಮುಂದೆ ರಸಾಯನಶಾಸ್ತ್ರದಲ್ಲೇ ಎಂಎಸ್ಸಿ ಮಾಡಿ, ಈಗ ಅದನ್ನೇ ಕಲಿಸುತ್ತ ಹೊಟ್ಟೆ ಹೊರೆಯುತ್ತಿದ್ದೇನೆ. ಆ ಪ್ರಶ್ನೆ ಮೂರ್ಖ ಪ್ರಶ್ನೆಯಾಗಿರಲಿಲ್ಲ ಎಂದು ಗೊತ್ತಾಗಲು ನನಗೆ ಎಷ್ಟೋ ವರ್ಷ ಬೇಕಾದವು. ಯುರೋಪಿನ ದೊಡ್ಡ ದೊಡ್ಡ ತಲೆಗಳು ಅದೇ ಪ್ರಶ್ನೆಯ ಸುತ್ತ ತಿರುಗಿದ್ದವು. ಅದಕ್ಕೆ ಉತ್ತರ ಸಿಕ್ಕಿದ ಜಾಗ ಮತ್ತು ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ.

ಮೊದಲು ಈ ಎರಡು ವಸ್ತುಗಳ ಪರಿಚಯ ಚುಟುಕಾಗಿ ಮುಗಿಸುತ್ತೇನೆ. ಎರಡೂ ಮನುಷ್ಯನಿಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಲಂಡನ್ನಿನಲ್ಲಿ ದೀಪ ಉರಿಸಲು ಅನಿಲವನ್ನು ಒತ್ತಿ ತುಂಬುತ್ತಿದ್ದ ಪಾತ್ರೆಗಳ ತಳದಲ್ಲಿ ಎಣ್ಣೆಯಂಥ ದ್ರವ ನಿಲ್ಲುತ್ತಿತ್ತು. 1825ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಶುದ್ಧಗೊಳಿಸಿ ಬೆಂಜೀನ್ ಬೇರ್ಪಡಿಸಿದ. 1836ರಲ್ಲಿ ಹಂಫ್ರಿ ಡೇವಿಯ ಸೋದರ ಸಂಬಂಧಿ ಎಡ್ಮಂಡ್ ಡೇವಿ ಪೊಟ್ಯಾಸಿಯಂ ತಯಾರಿಸಲು ಹೋದಾಗ ಒಂದು ಕಪ್ಪು ಉಂಡೆ ಉಳಿಯಿತು. ನೀರಿಗೆ ಹಾಕಿದರೆ ಅದರಿಂದ ಪ್ರಖರವಾಗಿ ಉರಿಯುವ ಅನಿಲ ಬಂತು. ಅದೇ ಅಸಿಟಿಲೀನ್. ಆ ಅನಿಲಕ್ಕೆ ಈ ಹೆಸರಿಟ್ಟವನು, 1860ರ ಹೊತ್ತಿಗೆ, ಪ್ಯಾರಿಸ್ಸಿನ ಮಾರ್ಸೆಲಿನ್ ಬರ್ತೆಲೋ.

ಈ ಬರ್ತೆಲೋ ವಿಚಿತ್ರ ಮನುಷ್ಯ. ಜೀವಿಗಳಲ್ಲಿ ಸಿಗುವ ವಸ್ತುಗಳನ್ನು ಮಾಡಲು ಯಾವುದೋ ಜೀವಶಕ್ತಿ ಬೇಕು ಎಂಬ ನಂಬಿಕೆ ಆಗಿನ್ನೂ ಪೂರ್ತಿ ಸತ್ತಿರಲಿಲ್ಲ. ಅದನ್ನು ಹೂತುಬಿಡಬೇಕೆಂದು ಹಟ ತೊಟ್ಟವನು ಇವನು. ಮೂಲವಸ್ತುಗಳಿಂದಲೇ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಎಲ್ಲವನ್ನೂ ಕಟ್ಟಿ ತೋರಿಸುತ್ತೇನೆ ಎನ್ನುವುದು ಅವನ ಪಣ. 1862ರಲ್ಲಿ ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ಅಸಿಟಿಲೀನ್ ಪಡೆದ. ಅಂದರೆ ಇದ್ದಿಲು ಮತ್ತು ಹೈಡ್ರೋಜನ್, ಎರಡೇ ಸಾಮಾನು. 1866ರಲ್ಲಿ ಆ ಅಸಿಟಿಲೀನನ್ನು ಗಾಜಿನ ಪಾತ್ರೆಯಲ್ಲಿಟ್ಟು, ಗಾಜು ಇನ್ನೇನು ಮೆತ್ತಗಾಗುತ್ತದೆ ಎನ್ನುವಷ್ಟು ಕಾಯಿಸಿದ. ಅನಿಲ ಕುಗ್ಗುತ್ತ ಬಂದು ಹಳದಿ ದ್ರವ ಕೂಡಿತು. ಅದರಲ್ಲಿ ಬೆಂಜೀನ್ ಇತ್ತು. ಗಮನಿಸಿ, ಅವನು ಬಳಸಿದ್ದು ಗಾಜು. ನಾವು ಉರು ಹೊಡೆದ ಕಬ್ಬಿಣದ ಕೊಳವೆ ಆಮೇಲೆ ಬಂದದ್ದು.

ಸ್ವಾರಸ್ಯ ಇರುವುದು ಮುಂದೆ. ಬೆಂಜೀನ್ ಎಂದರೆ ಆರು ಇಂಗಾಲಗಳ ಉಂಗುರ ಎಂದು ಕೆಕುಲೆ ಪ್ರಕಟಿಸಿದ್ದು 1865ರಲ್ಲಿ, ಅದೂ ಪ್ಯಾರಿಸ್ಸಿನ ಪತ್ರಿಕೆಯಲ್ಲೇ. ಬರ್ತೆಲೋಗೆ ಆ ಷಟ್ಕೋನದಲ್ಲಿ ನಂಬಿಕೆ ಇರಲಿಲ್ಲ. ಷಟ್ಕೋನವಿರಲಿ, ಪರಮಾಣುಗಳನ್ನು ಚಿತ್ರ ಬರೆದು ತೋರಿಸುವುದೇ ಅವನಿಗೆ ಆಗಿಬರುತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಬರೆಯುವುದು ವಿಜ್ಞಾನವಲ್ಲ ಎನ್ನುವ ಜಾತಿ. ಅವನ ಲೆಕ್ಕದಲ್ಲಿ ಬೆಂಜೀನ್ ಬರೀ ಮೂರು ಪಟ್ಟು ಅಸಿಟಿಲೀನ್, 'ಟ್ರೈಅಸಿಟಿಲೀನ್'. ಅವನು ಮಾಡಿದ್ದು ಸರಿ, ಎಣಿಸಿದ್ದೂ ಸರಿ. ಮೂರು ಹೇಗೆ ಕೂತಿವೆ ಎಂದು ಕೇಳಲು ಮಾತ್ರ ಮನಸ್ಸು ಮಾಡಲಿಲ್ಲ. ಮುಂದೆ ಫ್ರಾನ್ಸಿನ ವಿದೇಶಾಂಗ ಮಂತ್ರಿಯೂ ಆದ ಈತನ ಪ್ರಭಾವದಿಂದ ಅಲ್ಲಿನ ಶಿಕ್ಷಣದಲ್ಲಿ ಪರಮಾಣು ಸಂಕೇತಗಳು ಕಾಲಿಡುವುದು ದಶಕಗಟ್ಟಲೆ ತಡವಾಯಿತು. 1907ರಲ್ಲಿ ಹೆಂಡತಿ ಸೋಫಿ ತೀರಿಕೊಂಡ ದಿನವೇ ಅವನೂ ಪ್ರಾಣಬಿಟ್ಟ. ಇಬ್ಬರನ್ನೂ ಪ್ಯಾಂಥಿಯಾನ್‌ನಲ್ಲಿ ಒಟ್ಟಿಗೇ ಮಣ್ಣು ಮಾಡಿದರು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಸಿಟ್ಟು ಬರಿಸುವ ಮನುಷ್ಯ, ಆದರೂ ಈ ಸಾವನ್ನು ಓದಿದಾಗ ಸಿಟ್ಟು ನಿಲ್ಲುವುದಿಲ್ಲ.

ಅವನ ಹಳದಿ ದ್ರವದಲ್ಲಿ ಬೆಂಜೀನ್ ಒಂದೇ ಇರಲಿಲ್ಲ. ನ್ಯಾಫ್ಥಲೀನ್ ಬಗೆಯವು, ಡಾಂಬರಿನಂಥವು, ಸ್ಟೈರೀನ್ ಎಲ್ಲ ಇದ್ದವು. ಸ್ಟೈರೀನಿನಲ್ಲಿ ಎಂಟು ಇಂಗಾಲ, ಎಂಟು ಹೈಡ್ರೋಜನ್. ಲೆಕ್ಕಕ್ಕೆ ನಾಲ್ಕು ಅಸಿಟಿಲೀನ್ ಆಯಿತು! ಆದರೆ ಉಂಗುರ ಆರರದ್ದೇ. ಉಳಿದ ಎರಡು ಇಂಗಾಲ ಬಾಲದ ಹಾಗೆ ಹೊರಗೆ ನೇತಾಡುತ್ತವೆ. ಈ ಸ್ಟೈರೀನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮೂರು ಅಸಿಟಿಲೀನ್ ಸೇರಿ ಬೆಂಜೀನ್ ಆದಾಗ ಶಕ್ತಿ ಹೊರಬರುತ್ತದೆ. ಸ್ವಲ್ಪವಲ್ಲ, 78 ಗ್ರಾಂ ಬೆಂಜೀನಿಗೆ ಸುಮಾರು 600 ಕಿಲೋಜೂಲ್. ಅಂದರೆ ಇದು ಇಳಿಜಾರಿನ ದಾರಿ. ಇಳಿಯಲು ಕಾಯಿಸುವುದು ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಳಿಜಾರಿಗೆ ಮುಂಚೆ ಒಂದು ದಿಣ್ಣೆ ಇದೆ, ಅದಕ್ಕೆ. ಮೂರು ಅಣುಗಳು ಒಂದೇ ಕ್ಷಣದಲ್ಲಿ ಸರಿಯಾದ ಕೋನದಲ್ಲಿ ಎದುರುಬದುರಾಗುವುದು ಮೂರು ಊರಿನ ಮೂರು ನೆಂಟರು ಹೇಳದೆ ಕೇಳದೆ ಒಂದೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗೆ. ಬರ್ತೆಲೋ ಮಾಡಿದ್ದು ಬೆಂಕಿಯ ಬಲದಿಂದ ಅವುಗಳನ್ನು ದಿಣ್ಣೆ ಹತ್ತಿಸುವ ಕೆಲಸ. ಬಲವಂತದಲ್ಲಿ ಆಗುವಂತೆ ಅಲ್ಲೂ ಅರ್ಧಕ್ಕರ್ಧ ಮಸಿಯೇ.

ಮುಂದಿನ ಕಥೆ ಜರ್ಮನಿಯದು. ಸುಣ್ಣ ಮತ್ತು ಕೋಕನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಕ್ಯಾಲ್ಸಿಯಂ ಕಾರ್ಬೈಡ್ ಮಾಡುವ ವಿಧಾನ 1890ರ ದಶಕದಲ್ಲಿ ಬಂತು. ಕಾರ್ಬೈಡಿಗೆ ನೀರು ಬಿದ್ದರೆ ಅಸಿಟಿಲೀನ್. ನಮ್ಮ ಊರುಗಳಲ್ಲಿ ಇದರ ಪರಿಚಯವಿಲ್ಲದವರು ಯಾರು? ಗ್ಯಾಸ್ ವೆಲ್ಡಿಂಗ್ ಅಂಗಡಿಯ ಮುಂದೆ ಹಾಯುವಾಗ ಬೆಳ್ಳುಳ್ಳಿ ಕೊಳೆತಂಥ ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಕಾರ್ಬೈಡಿನ ಕಲ್ಮಶಗಳ ವಾಸನೆ. ಶುದ್ಧ ಅಸಿಟಿಲೀನಿಗೆ ಅಷ್ಟು ನಾತವಿಲ್ಲ. ಕದ್ದುಮುಚ್ಚಿ ಮಾವು ಹಣ್ಣು ಮಾಡಲು ಬಳಸಿ ಕೆಟ್ಟ ಹೆಸರು ತೆಗೆದುಕೊಂಡದ್ದೂ ಇದೇ ಕಾರ್ಬೈಡ್. ಜರ್ಮನಿಗೆ ಅದು ಬೇರೆಯದೇ ಕಾರಣಕ್ಕೆ ಬೇಕಾಗಿತ್ತು. ಆ ದೇಶದಲ್ಲಿ ಪೆಟ್ರೋಲಿಯಂ ಇಲ್ಲವೆನ್ನುವಷ್ಟು ಕಡಿಮೆ. ಕಲ್ಲಿದ್ದಲು, ಸುಣ್ಣದ ಕಲ್ಲು ಬೇಕಾದಷ್ಟು. ಹಾಗಾಗಿ ಅವರಿಗೆ ಕಾರ್ಬೈಡೇ ಎಣ್ಣೆಬಾವಿ. ಪ್ಲಾಸ್ಟಿಕ್, ದ್ರಾವಕ, ಕೃತಕ ರಬ್ಬರ್ ಎಲ್ಲವನ್ನೂ ಅಸಿಟಿಲೀನಿನಿಂದಲೇ ಹೊರಡಿಸಬೇಕು.

ತೊಂದರೆ ಎಂದರೆ ಅಸಿಟಿಲೀನ್ ಮಹಾ ಮುಂಗೋಪಿ. ಸ್ವಲ್ಪ ಒತ್ತಿದರೂ ಗಾಳಿಯ ನೆರವೇ ಇಲ್ಲದೆ ಸಿಡಿಯಬಲ್ಲದು. ಇವತ್ತಿಗೂ ವೆಲ್ಡಿಂಗ್ ಸಿಲಿಂಡರಿನಲ್ಲಿ ಅದನ್ನು ಬರಿದೇ ತುಂಬುವುದಿಲ್ಲ, ಸ್ಪಂಜಿನಂಥ ಪದಾರ್ಥದಲ್ಲಿ ಹೀರಿಸಿದ ಅಸಿಟೋನಿನಲ್ಲಿ ಕರಗಿಸಿಡುತ್ತಾರೆ. ಅದನ್ನು ಒತ್ತಡದಲ್ಲಿ ಬಳಸುವುದಕ್ಕೆ ಜರ್ಮನಿಯಲ್ಲಿ ಕಟ್ಟುನಿಟ್ಟಿನ ಮಿತಿಯಿತ್ತು. ಆ ಮಿತಿಯನ್ನು ದಾಟಲು ಹೊರಟವನು ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಕಾರ್ಖಾನೆಯ ವಾಲ್ಟರ್ ರೆಪ್ಪೆ. ಕನ್ನಡದಲ್ಲಿ ಬರೆದರೆ ಕಣ್ಣರೆಪ್ಪೆಯಾಗುವ ಹೆಸರು. ಅವನ ಕೆಲಸದಲ್ಲಿ ರೆಪ್ಪೆ ಮಿಟುಕಿಸುವಂತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ 1921ರಲ್ಲೇ, ಸೆಪ್ಟೆಂಬರ್ 21ರಂದು, ಪಕ್ಕದ ಓಪ್ಪೌ ಘಟಕದಲ್ಲಿ ಗೊಬ್ಬರದ ದಾಸ್ತಾನು ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಸತ್ತಿದ್ದರು. ಸ್ಫೋಟ ಎಂದರೆ ಏನು ಎಂದು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥಲ್ಲಿ 1920ರ ದಶಕದ ಕೊನೆಯಿಂದ ರೆಪ್ಪೆ ಒತ್ತಡದಲ್ಲಿ ಅಸಿಟಿಲೀನ್ ಪ್ರಯೋಗ ಶುರುಮಾಡಿದ. ಅನಿಲಕ್ಕೆ ಸಾರಜನಕ ಬೆರೆಸಿ ಅದರ ಕೋಪ ತಗ್ಗಿಸುವುದು, ಅದು ಖಾಲಿ ಜಾಗದಲ್ಲಿ ಕೂಡದಂತೆ ನೋಡಿಕೊಳ್ಳುವುದು, ಗಾಜನ್ನು ಬಿಟ್ಟು ಉಕ್ಕಿನ ಉಪಕರಣ ಹಿಡಿಯುವುದು, ಇವೆಲ್ಲ ಅವನು ಕಲಿತ ಪಾಠಗಳು. ಸಾಹಸ ಎನ್ನುವುದಕ್ಕಿಂತ ಇದನ್ನು ತಾಳ್ಮೆ ಎನ್ನಬೇಕು.

1940ರಲ್ಲಿ ಅವನ ಗುಂಪು ನಿಕ್ಕೆಲ್ ಲವಣವೊಂದನ್ನು ದ್ರಾವಕದಲ್ಲಿ ಬೆರೆಸಿ, ಮೇಲಿಂದ ಅಸಿಟಿಲೀನ್ ಒತ್ತಿ, 60-70 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿತು. ಗಾಜು ಕರಗಿಸುವ ಬೆಂಕಿಯೆಲ್ಲಿ, ಸ್ನಾನದ ನೀರಿಗಿಂತ ತುಸು ಹೆಚ್ಚಿನ ಈ ಬಿಸಿಯೆಲ್ಲಿ! ಬಂದದ್ದು ಬಂಗಾರದ ಹಳದಿಯ ಒಂದು ದ್ರವ. ಪರೀಕ್ಷಿಸಿದರೆ ಎಂಟು ಇಂಗಾಲ, ಎಂಟು ಹೈಡ್ರೋಜನ್. ಈ ಸಲ ಬಾಲವಿರುವ ಸ್ಟೈರೀನ್ ಅಲ್ಲ. ಎಂಟೂ ಇಂಗಾಲ ಒಂದೇ ಉಂಗುರದಲ್ಲಿದ್ದವು. ನಾಲ್ಕು ಅಸಿಟಿಲೀನ್ ಕೈಹಿಡಿದು ಕೂತಿದ್ದವು. ರಸಾಯನಶಾಸ್ತ್ರದಲ್ಲಿ ಅದರ ಹೆಸರು ಸೈಕ್ಲೋಆಕ್ಟಾಟೆಟ್ರಾಈನ್. ನಾನು ಇಲ್ಲಿ 'ಎಂಟರ ಉಂಗುರ' ಎನ್ನುತ್ತೇನೆ.

ಎಂಟರ ಉಂಗುರ ಜಗತ್ತಿಗೆ ಹೊಸದಾಗಿರಲಿಲ್ಲ. ಸುಮಾರು ಮೂವತ್ತು ವರ್ಷ ಹಿಂದೆ, 1911ರಲ್ಲಿ, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ರಿಚರ್ಡ್ ವಿಲ್‌ಶ್ಟೇಟರ್ ಅದನ್ನು ಮಾಡಿದ್ದ. ಅವನು ಹೊರಟದ್ದು ದಾಳಿಂಬೆ ಗಿಡದ ತೊಗಟೆಯಿಂದ. ಆ ತೊಗಟೆಯಲ್ಲಿರುವ ಒಂದು ಕ್ಷಾರೀಯ ಪದಾರ್ಥದಲ್ಲಿ ಎಂಟು ಇಂಗಾಲಗಳ ಉಂಗುರ ಮೊದಲೇ ಇದೆ, ನಡುವೆ ಸಾರಜನಕದ ಸೇತುವೆ ಇದೆ. ಸೇತುವೆ ಕಿತ್ತು, ಒಂದೊಂದಾಗಿ ಜೋಡಿಬಂಧಗಳನ್ನು ಕೂರಿಸುತ್ತ, ಹತ್ತಕ್ಕೂ ಹೆಚ್ಚು ಹಂತ ದಾಟಿ ಕೊನೆಗೆ ಚೂರೇ ಚೂರು ಹಳದಿ ದ್ರವ ಪಡೆದ. ಇಷ್ಟೆಲ್ಲ ಪಾಡು ಯಾಕೆಂದರೆ, ಬೆಂಜೀನ್ ಅಷ್ಟು ಶಾಂತವಾಗಿರುವುದು ಒಂಟಿ-ಜೋಡಿ ಬಂಧಗಳ ಉಂಗುರದಿಂದಲೇ ಆದರೆ, ಎಂಟರ ಉಂಗುರವೂ ಶಾಂತವಾಗಿರಬೇಕು. ನೋಡಿಬಿಡೋಣ ಎಂದು. ಅದು ಶಾಂತವಾಗಿರಲಿಲ್ಲ. ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸಿತು. ಎಣಿಕೆ ಆರು ಇದ್ದರೆ ನೆಮ್ಮದಿ, ಎಂಟಿದ್ದರೆ ಇಲ್ಲ ಎನ್ನುವ ಎಲೆಕ್ಟ್ರಾನುಗಳ ಲೆಕ್ಕ ಎರಿಕ್ ಹ್ಯೂಕೆಲ್‌ನಿಂದ ಬಂದದ್ದು 1931ರಲ್ಲಿ. ಅಲ್ಲಿಯವರೆಗೆ, ಆಮೇಲೂ ಕೆಲಕಾಲ, ವಿಲ್‌ಶ್ಟೇಟರ್ ಮಾಡಿದ್ದು ಎಂಟರ ಉಂಗುರವೇ ಅಲ್ಲ, ಬರೀ ಸ್ಟೈರೀನ್ ಇರಬೇಕು ಎಂದು ಅನುಮಾನಿಸಿದವರಿದ್ದರು. ತೂಕ ಅದೇ, ಲೆಕ್ಕ ಅದೇ, ನಂಬಿಸುವುದು ಹೇಗೆ?

ಅನುಮಾನಕ್ಕಿಂತ ದೊಡ್ಡ ಕಷ್ಟಗಳು ಅವನಿಗಿದ್ದವು. ಪತ್ರಹರಿತ್ತಿನ ಸಂಶೋಧನೆಗೆ 1915ರ ನೊಬೆಲ್ ಪಡೆದವನು, ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕ. ಯಹೂದಿ. 1924ರಲ್ಲಿ, ನಾಜಿಗಳು ಅಧಿಕಾರಕ್ಕೆ ಬರಲು ಇನ್ನೂ ಒಂಬತ್ತು ವರ್ಷ ಇರುವಾಗ, ವಿಶ್ವವಿದ್ಯಾಲಯದ ನೇಮಕಾತಿಯಲ್ಲಿ ಯಹೂದಿ ದ್ವೇಷ ಕೆಲಸ ಮಾಡುತ್ತಿದೆ ಎಂದು ಪ್ರತಿಭಟಿಸಿ ರಾಜೀನಾಮೆ ಬಿಸಾಕಿ ಎದ್ದುಬಂದ. ಸಹೋದ್ಯೋಗಿಗಳು, ವಿದ್ಯಾರ್ಥಿಗಳು ಎಷ್ಟು ಕೇಳಿಕೊಂಡರೂ ಮರಳಲಿಲ್ಲ. 1939ರಲ್ಲಿ ಸರೋವರ ದಾಟಿ ಸ್ವಿಟ್ಜರ್‌ಲೆಂಡಿಗೆ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ. ಕೊನೆಗೆ ಅವನನ್ನು ಗಡಿ ದಾಟಿಸಲು ನೆರವಾದವನು ಅವನ ಹಳೆಯ ಶಿಷ್ಯ, ಸ್ವಿಸ್ ರಸಾಯನಶಾಸ್ತ್ರಜ್ಞ ಆರ್ಥರ್ ಶ್ಟೋಲ್. 1942ರ ಆಗಸ್ಟಿನಲ್ಲಿ, ಲೊಕಾರ್ನೊ ಊರಿನ ಪಕ್ಕದ ಮುರಾಲ್ಟೊದಲ್ಲಿ, ವಿಲ್‌ಶ್ಟೇಟರ್ ತೀರಿಕೊಂಡ. ಲುಡ್ವಿಗ್ಸ್‌ಹಾಫೆನ್‌ನಲ್ಲಿ ಆ ಹೊತ್ತಿಗೆ ಎಂಟರ ಉಂಗುರ ಸಿದ್ಧವಾಗಿ ಎರಡು ವರ್ಷ. ಆದರೆ ಅದು ಯುದ್ಧದ ಕಾಲ, ಕಂಪನಿಯ ಸಂಶೋಧನೆ. ಪ್ರಕಟವಾಗಿರಲಿಲ್ಲ.

ವಿಲ್‌ಶ್ಟೇಟರ್‌ಗೆ ಇನ್ನೊಬ್ಬ ಶಿಷ್ಯನಿದ್ದ, ಮ್ಯೂನಿಕ್‌ನಲ್ಲಿ ಅವನ ಬಳಿಯೇ ಡಾಕ್ಟರೇಟ್ ಮಾಡಿದವನು. ಹೆಸರು ಒಟ್ಟೊ ಆಂಬ್ರೋಸ್. ಓದು ಮುಗಿಸಿ ಬಿಎಎಸ್‌ಎಫ್ ಸೇರಿದ್ದ. ಬಿಎಎಸ್‌ಎಫ್ ಆಗ ಐಜಿ ಫಾರ್ಬೆನ್ ಎಂಬ ದೈತ್ಯ ಸಂಸ್ಥೆಯ ಒಂದು ಅಂಗ. ಯುದ್ಧಕ್ಕೆ ಟೈರು ಬೇಕು, ಟೈರಿಗೆ ರಬ್ಬರ್ ಬೇಕು, ರಬ್ಬರ್ ತೋಟಗಳು ಶತ್ರುಗಳ ಕೈಯಲ್ಲಿ. 'ಬೂನಾ' ಎಂಬ ಕೃತಕ ರಬ್ಬರನ್ನು ಜರ್ಮನಿ ಅಸಿಟಿಲೀನಿನಿಂದ ತಯಾರಿಸುತ್ತಿತ್ತು. ಹೊಸ ಬೂನಾ ಕಾರ್ಖಾನೆಗೆ ಜಾಗ ಆರಿಸುವುದರಲ್ಲಿ ಮುಖ್ಯ ಪಾತ್ರ ಆಂಬ್ರೋಸ್‌ನದು. ಕಲ್ಲಿದ್ದಲು ಹತ್ತಿರ, ಸುಣ್ಣ ಹತ್ತಿರ, ನೀರು, ರೈಲು ಎರಡೂ ಇವೆ. ಆ ಜಾಗ ಆಶ್ವಿಟ್ಜ್. ಕೂಲಿಗೆ ಪಕ್ಕದ ಸೆರೆಶಿಬಿರದ ಕೈದಿಗಳು. ಆಮೇಲೆ ಕಾರ್ಖಾನೆಗೆಂದೇ ಮೊನೊವಿಟ್ಸ್‌ನಲ್ಲಿ ಶಿಬಿರ ಎದ್ದಿತು. ಸಾವಿರಾರು ಜನ ಅಲ್ಲಿ ದುಡಿದು, ಹಸಿದು ಸತ್ತರು. ದುಡಿಯಲು ಆಗದವರನ್ನು ಅನಿಲಕೋಣೆಗೆ ಕಳಿಸಿದರು.

1944ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದಿಳಿದ ಕೈದಿಗಳಲ್ಲಿ ಇಟಲಿಯ ಟ್ಯೂರಿನ್‌ನ ಪ್ರಿಮೊ ಲೆವಿ ಒಬ್ಬ. ಅವನೂ ರಸಾಯನಶಾಸ್ತ್ರಜ್ಞ. 1947ರಲ್ಲಿ ಅವನು ಬರೆದ ಪುಸ್ತಕವನ್ನು ಇಂಗ್ಲಿಷಿನಲ್ಲಿ 'ಇಫ್ ದಿಸ್ ಈಸ್ ಎ ಮ್ಯಾನ್' ಎಂಬ ಹೆಸರಿನಲ್ಲಿ ನಮ್ಮಲ್ಲಿ ಅನೇಕರು ಓದಿದ್ದಾರೆ. ಅದರಲ್ಲಿ ಕಾರ್ಖಾನೆಯ ನಟ್ಟನಡುವೆ ಎದ್ದು ನಿಂತ ಕಾರ್ಬೈಡ್ ಗೋಪುರದ ಪ್ರಸ್ತಾಪ ಬರುತ್ತದೆ. ಕೈದಿಗಳೇ ಕಟ್ಟಿದ ಗೋಪುರ. ಯುರೋಪಿನ ಮೂಲೆಮೂಲೆಯಿಂದ ತಂದ ಜನ, ಇಟ್ಟಿಗೆಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ಲೆವಿಗೆ ಅದು ಬೈಬಲ್ಲಿನ ಬೇಬೆಲ್ ಗೋಪುರದ ಹಾಗೆ ಕಂಡಿತು. ಅಷ್ಟು ಜನರನ್ನು ನುಂಗಿದ ಆ ಕಾರ್ಖಾನೆಯಿಂದ ಒಂದು ಕಿಲೋ ಬೂನಾ ರಬ್ಬರೂ ಹೊರಬರಲಿಲ್ಲ.

ಮೊದಲ ಸಲ ಆ ಪುಸ್ತಕ ಓದುವಾಗ ಆ ಪುಟದಲ್ಲಿ ನಾನು ನಿಂತುಬಿಟ್ಟಿದ್ದೆ. ಕಾರ್ಬೈಡ್ ಎಂದರೆ ಅಸಿಟಿಲೀನ್ ಎಂದು ಓದುವ ಹೆಚ್ಚಿನವರಿಗೆ ಹೊಳೆಯಲಾರದು, ಹೊಳೆಯಬೇಕಾಗಿಯೂ ಇಲ್ಲ. ನನಗೆ ಹೊಳೆಯಿತು. ರೆಪ್ಪೆಯ ನಿಕ್ಕೆಲ್ ಪ್ರಯೋಗಕ್ಕೂ ಆ ಗೋಪುರಕ್ಕೂ ನೇರ ಸಂಬಂಧವಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಎಂಟರ ಉಂಗುರದಿಂದ ರಬ್ಬರ್ ಆಗುವುದಿಲ್ಲ. ಆದರೆ ಸಂಸ್ಥೆ ಒಂದೇ, ಅನಿಲ ಒಂದೇ, ಕಲ್ಲಿದ್ದಲು-ಸುಣ್ಣದಿಂದ ಎಲ್ಲವನ್ನೂ ಮಾಡಿಯೇ ತೀರುತ್ತೇವೆ ಎನ್ನುವ ಹಟವೂ ಒಂದೇ. ನಾನು ಬೋರ್ಡಿನ ಮೇಲೆ ಮೂರು ಗೀಟು ಎಳೆಯುವಾಗ ಇದು ನೆನಪಾಗದ ದಿನವಿಲ್ಲ. ತರಗತಿಯಲ್ಲಿ ಹೇಳುವುದೋ ಬಿಡುವುದೋ ಎಂದು ಬಹಳ ವರ್ಷ ತೊಳಲಾಡಿದೆ. ಈಗ ಹೇಳುತ್ತೇನೆ. ಹತ್ತು ನಿಮಿಷ ಹೋಗುತ್ತದೆ, ಪೋರ್ಷನ್ ಹಿಂದೆ ಬೀಳುತ್ತದೆ.

1948ಕ್ಕೆ ಬರೋಣ. ಆ ವರ್ಷದ ಜುಲೈ ಕೊನೆಯಲ್ಲಿ ನ್ಯೂರೆಂಬರ್ಗ್‌ನಲ್ಲಿ ಐಜಿ ಫಾರ್ಬೆನ್ ಮೊಕದ್ದಮೆಯ ತೀರ್ಪು ಬಂತು. 13 ಮಂದಿ ತಪ್ಪಿತಸ್ಥರೆಂದಾಯಿತು. ಆಂಬ್ರೋಸ್‌ಗೆ ಜನರನ್ನು ಗುಲಾಮರಂತೆ ದುಡಿಸಿದ ಅಪರಾಧಕ್ಕೆ 8 ವರ್ಷ. ಪೂರ್ತಿ ಅನುಭವಿಸಲಿಲ್ಲ, 1950ರ ದಶಕದ ಆರಂಭದಲ್ಲೇ ಹೊರಬಂದ, ಮತ್ತೆ ಉದ್ಯಮಗಳಿಗೆ ಸಲಹೆಗಾರನಾದ. ಅದೇ 1948ರಲ್ಲಿ ಜರ್ಮನಿಯ 'ಲೀಬಿಗ್ಸ್ ಅನಾಲೆನ್' ಪತ್ರಿಕೆಯ 560ನೇ ಸಂಪುಟದಲ್ಲಿ ರೆಪ್ಪೆಯ ಪ್ರಬಂಧಗಳು ಪ್ರಕಟವಾದವು. 1ನೇ ಪುಟದಿಂದ ಎಂಟರ ಉಂಗುರ. ಜ್ಯೂರಿಕ್‌ನ ದಾಳಿಂಬೆ ತೊಗಟೆಯಿಂದ ಬಂದದ್ದೂ ಲುಡ್ವಿಗ್ಸ್‌ಹಾಫೆನ್‌ನ ಅನಿಲದಿಂದ ಬಂದದ್ದೂ ಒಂದೇ ವಸ್ತು. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಕೋಪ್ ಮತ್ತು ಓವರ್‌ಬರ್ಗರ್ ವಿಲ್‌ಶ್ಟೇಟರ್‌ನ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ನಡೆದು, ಅವನು ಹೇಳಿದ್ದು ನಿಜವೆಂದು ತೋರಿಸಿದರು. ಅವನು ಸತ್ತು ಆರು ವರ್ಷವಾಗಿತ್ತು. ಗಡಿಪಾರಿನ ಏಕಾಂತದಲ್ಲಿ ಬರೆದಿಟ್ಟಿದ್ದ ಅವನ ಆತ್ಮಕಥೆಯನ್ನು ಮರುವರ್ಷ, 1949ರಲ್ಲಿ, ಶಿಷ್ಯ ಶ್ಟೋಲ್ ಸಂಪಾದಿಸಿ ಹೊರತಂದ.

ಅದೇ ಸಂಪುಟದ 104ನೇ ಪುಟದಲ್ಲಿ ಇನ್ನೊಂದು ಪ್ರಬಂಧವಿದೆ, ರೆಪ್ಪೆ ಮತ್ತು ಶ್ವೆಕೆನ್‌ಡೀಕ್ ಬರೆದದ್ದು. ನನ್ನ ಗೆಳೆಯನ ಪ್ರಶ್ನೆಗೆ ಉತ್ತರ ಅಡಗಿರುವುದು ಅಲ್ಲಿ. ಅದೇ ನಿಕ್ಕೆಲ್‌ಗೆ ಟ್ರೈಫಿನೈಲ್‌ಫಾಸ್ಫೀನ್ ಎಂಬ ದಪ್ಪ ಅಣುವನ್ನು ಅಂಟಿಸಿ ಪ್ರಯೋಗ ಮಾಡಿದರೆ ಎಂಟರ ಉಂಗುರ ಬರುವುದಿಲ್ಲ, ಬೆಂಜೀನ್ ಬರುತ್ತದೆ. ಬರೀ ಅಸಿಟಿಲೀನ್ ಬದಲು ಅದರ ಬಂಧುಗಳನ್ನು, ಅಂದರೆ ತುದಿಯಲ್ಲಿ ಬೇರೆ ಗುಂಪು ಹೊತ್ತ ಆಲ್ಕೈನ್‌ಗಳನ್ನು ಕೊಟ್ಟರೆ, ಆ ಗುಂಪುಗಳನ್ನು ಹೊತ್ತ ಬೆಂಜೀನ್‌ಗಳೇ ಬರುತ್ತವೆ.

ಯಾಕೆ ಹೀಗೆ? 1960ರ ದಶಕದಲ್ಲಿ ಗೆರ್ಹಾರ್ಡ್ ಶ್ರಾವ್ಟ್ಸರ್ ಕೊಟ್ಟ ವಿವರಣೆಯನ್ನು ನಾನು ಮದುವೆ ಮನೆಯ ಪಂಕ್ತಿಯ ಲೆಕ್ಕದಲ್ಲಿ ಹೇಳುತ್ತೇನೆ. ನಿಕ್ಕೆಲ್ ಪರಮಾಣುವಿನ ಸುತ್ತ ನಾಲ್ಕು ಎಲೆ ಹಾಕಿದೆ ಎಂದುಕೊಳ್ಳಿ. ನಾಲ್ಕು ಅಸಿಟಿಲೀನ್ ಬಂದು ಕೂರುತ್ತವೆ, ಅಕ್ಕಪಕ್ಕದವರ ಕೈ ಹಿಡಿಯುತ್ತವೆ, ಎಂಟರ ಉಂಗುರವಾಗಿ ಏಳುತ್ತವೆ. ಈಗ ಒಂದು ಎಲೆಯ ಮುಂದೆ ದಪ್ಪ ಮಾವನೊಬ್ಬ ಬಂದು ಕೂತ, ಏಳುವ ಲಕ್ಷಣವಿಲ್ಲ. ಅವನೇ ಫಾಸ್ಫೀನ್. ಉಳಿದದ್ದು ಮೂರೇ ಎಲೆ. ಮೂರು ಅಸಿಟಿಲೀನ್ ಕೂತು ಬೆಂಜೀನಾಗಿ ಏಳುತ್ತವೆ. ಫಾಸ್ಫೀನ್ ಇಬ್ಬರಾದರೆ? ಉಳಿದ ಎರಡು ಎಲೆಯಲ್ಲಿ ಉಂಗುರವೇ ಆಗುವುದಿಲ್ಲ. ಇದು ಸರಳಗೊಳಿಸಿದ ಚಿತ್ರ. ಮುಂದಿನ ಅಧ್ಯಯನಗಳು ತೋರಿಸಿದ ಹಾಗೆ, ಬೆಂಜೀನ್ ಆಗುವಾಗ ಸಾಮಾನ್ಯವಾಗಿ ಮೊದಲು ಎರಡು ಆಲ್ಕೈನ್ ಸೇರಿ ಲೋಹವನ್ನೂ ಒಳಗೊಂಡ ಐದರ ಉಂಗುರ ಕಟ್ಟುತ್ತವೆ. ಮೂರನೆಯದು ಆಮೇಲೆ ಬಂದು ಸೇರಿ ಲೋಹವನ್ನು ಹೊರಗೆ ಕಳಿಸುತ್ತದೆ. ಹೊರಬಂದ ಲೋಹ ಮುಂದಿನ ಪಂಕ್ತಿಗೆ ಸಿದ್ಧ. ಅದಕ್ಕೇ ಅದು ಕ್ರಿಯಾವರ್ಧಕ. ಚೂರು ಲೋಹ ಸಾಕು.

ಇಷ್ಟಾದ ಮೇಲೆ ಈ ಕ್ರಿಯೆಯಿಂದ ಜಗತ್ತಿನ ಬೆಂಜೀನ್ ತಯಾರಾಗುತ್ತದೆ ಎಂದುಕೊಂಡರೆ ತಪ್ಪು. ಯುದ್ಧದ ನಂತರ ಅಗ್ಗದ ಪೆಟ್ರೋಲಿಯಂ ಹರಿದು ಬಂತು, ಬೆಂಜೀನ್ ಅದರಿಂದಲೇ ಬಂತು. ಕಾರ್ಬೈಡ್ ಕುಲುಮೆಗಳು ಒಂದೊಂದಾಗಿ ಆರಿದವು. ಪಿಯುಸಿಯಲ್ಲಿ ನಾವು ಉರು ಹೊಡೆದ ಸಾಲಿನಂತೆ ಯಾವ ಕಾರ್ಖಾನೆಯೂ ಬೆಂಜೀನ್ ಮಾಡುವುದಿಲ್ಲ.

ಆದರೆ ಗುಂಪುಗಳನ್ನು ಹೊತ್ತ ಬೆಂಜೀನ್‌ಗಳ ವಿಷಯ ಬೇರೆ. ಔಷಧ, ಬಣ್ಣ, ಹಾರ್ಮೋನು, ಎಲ್ಲಿ ನೋಡಿದರೂ ಬೆಂಜೀನ್ ಉಂಗುರಕ್ಕೆ ಯಾವುದೋ ಗುಂಪು ಇಂಥದ್ದೇ ಜಾಗದಲ್ಲಿ ಅಂಟಿರಬೇಕು. ಸಿದ್ಧ ಉಂಗುರಕ್ಕೆ ಗುಂಪು ಅಂಟಿಸುವುದು ಕಟ್ಟಿದ ಗೋಡೆ ಒಡೆದು ಕಿಟಕಿ ಇಟ್ಟ ಹಾಗೆ. ಮೊದಲ ಕಿಟಕಿ ಎರಡನೆಯದು ಎಲ್ಲಿ ಬರಬೇಕೆಂದು ತಾನೇ ಹಟ ಹಿಡಿಯುತ್ತದೆ. ಆರ್ಥೋ, ಮೆಟಾ, ಪ್ಯಾರಾ ಎಂದು ತಲೆಕೆಡಿಸಿಕೊಂಡವರಿಗೆ ಗೊತ್ತು. ಆಲ್ಕೈನ್‌ಗಳಿಂದ ಹೊರಟರೆ ಕಿಟಕಿ ಇಟ್ಟುಕೊಂಡೇ ಗೋಡೆ ಏಳುತ್ತದೆ.

ಅಷ್ಟು ಸುಲಭವೂ ಅಲ್ಲ. ಎರಡು ತುದಿಗಳು ಬೇರೆಬೇರೆಯಾಗಿರುವ ಮೂರು ಬಗೆಯ ಆಲ್ಕೈನ್‌ಗಳನ್ನು ಒಂದೇ ಪಾತ್ರೆಯಲ್ಲಿ ಸುರಿದರೆ ಎಷ್ಟು ಬಗೆಯ ಬೆಂಜೀನ್ ಬರಬಹುದು? ಒಂದು ಭಾನುವಾರ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ಉಂಗುರವನ್ನು ತಿರುಗಿಸಿದರೂ ಮಗುಚಿದರೂ ಒಂದೇ ಎಂದು ಹಿಡಿದರೆ 38. ನಮಗೆ ಬೇಕಾದದ್ದು ಅದರಲ್ಲಿ ಒಂದು. ಉಳಿದ 37 ಕಸ. ಲೋಹ ಕೂರಲು ಜಾಗ ಕೊಡುತ್ತದೆ ನಿಜ, ಯಾರು ಯಾರ ಪಕ್ಕ ಕೂರಬೇಕು ಎನ್ನುವುದನ್ನು ಇತ್ಯರ್ಥ ಮಾಡುವುದು ಮನುಷ್ಯನ ತಲೆನೋವು.

ಆ ತಲೆನೋವಿಗೆ ಒಂದು ಚೆಂದದ ಮದ್ದು ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪೀಟರ್ ವೋಲ್‌ಹಾರ್ಡ್. ಇವರ ಹೆಸರು ನಮ್ಮ ಪದವಿ ವಿದ್ಯಾರ್ಥಿಗಳಿಗೆ ವೋಲ್‌ಹಾರ್ಡ್ ಮತ್ತು ಶೋರ್ ಬರೆದ ದಪ್ಪ ಪಠ್ಯಪುಸ್ತಕದಿಂದ ಗೊತ್ತಿರಬಹುದು. ಇವರು ಹಿಡಿದದ್ದು ಕೋಬಾಲ್ಟ್. ಉಪಾಯ ಎರಡು. ಮೂರರಲ್ಲಿ ಎರಡು ಆಲ್ಕೈನ್‌ಗಳನ್ನು ಒಂದೇ ಸರಪಳಿಯ ಎರಡು ತುದಿಗಳಲ್ಲಿ ಕಟ್ಟಿಹಾಕುವುದು. ಆಗ ಅವು ಅಕ್ಕಪಕ್ಕ ಕೂರಲೇಬೇಕು. ಮೂರನೆಯದಕ್ಕೆ ಎರಡೂ ಬದಿಯಲ್ಲಿ ಸಿಲಿಕಾನಿನ ದಪ್ಪ ಗುಂಪುಗಳನ್ನು ಹೊರಿಸುವುದು. ಆಗ ಅದು ತನ್ನ ಜಾತಿಯವರ ಜೊತೆಯೇ ಸೇರಿ ಉಂಗುರ ಕಟ್ಟಲಾರದು, ಅಷ್ಟು ಇಕ್ಕಟ್ಟು. ಇದರಿಂದ ಅವರು ಮತ್ತು ಅವರ ವಿದ್ಯಾರ್ಥಿ ರೇಮಂಡ್ ಫಂಕ್ ಕಟ್ಟಿದ್ದು ಈಸ್ಟ್ರೋನ್ ಎಂಬ ಸ್ತ್ರೀ ಹಾರ್ಮೋನನ್ನು. 1929ರಲ್ಲಿ ಗರ್ಭಿಣಿಯರ ಮೂತ್ರದಿಂದ ಇದನ್ನು ಮೊದಲು ಬೇರ್ಪಡಿಸಿದ್ದರು. ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಅಣು, ಅದರ ಒಂದು ತುದಿಯ ಉಂಗುರ ಬೆಂಜೀನ್ ಬಗೆಯದು. ಕೋಬಾಲ್ಟ್ ಮೊದಲು ಆ ಉಂಗುರವನ್ನು ಕಟ್ಟುತ್ತದೆ, ಅದಕ್ಕೆ ಅಂಟಿದಂತೆ ಬಿಗಿಯಾದ ನಾಲ್ಕರ ಉಂಗುರವನ್ನೂ. ಬಿಸಿಗೆ ಆ ನಾಲ್ಕರ ಉಂಗುರ ತಟ್ಟನೆ ಬಿಚ್ಚಿಕೊಂಡು ಪಕ್ಕದ ಬಾಲವನ್ನು ಹಿಡಿದು ಇನ್ನೆರಡು ಉಂಗುರಗಳನ್ನು ಒಂದೇ ಏಟಿಗೆ ಮುಚ್ಚುತ್ತದೆ. ಎರಡು ಸಿಲಿಕಾನ್ ಗುಂಪುಗಳಲ್ಲಿ ಒಂದರ ಜಾಗಕ್ಕೆ ಹೈಡ್ರೋಜನ್, ಇನ್ನೊಂದರ ಜಾಗಕ್ಕೆ ಆಮ್ಲಜನಕ ಬಂದರೆ ಈಸ್ಟ್ರೋನ್. 1977ರಲ್ಲಿ ಸುದ್ದಿ, 1980ರಲ್ಲಿ ಪೂರ್ಣ ವಿವರ. ಎಂಎಸ್ಸಿಯಲ್ಲಿ ಮೊದಲ ಸಲ ಇದನ್ನು ನೋಡಿದ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ನಾಳೆ ಪರೀಕ್ಷೆಯಿದ್ದದ್ದೂ ಒಂದು ಕಾರಣ ಎನ್ನಿ.

ಆಮೇಲೆ ರೋಡಿಯಂ, ರುಥೇನಿಯಂ, ಇರಿಡಿಯಂ ಎಂದು ಲೋಹಗಳ ಸಾಲೇ ಬಂದಿದೆ. ಎರಡೂ ಬದಿಯಲ್ಲಿ ಬೆಂಜೀನ್ ಉಂಗುರ ಹೊತ್ತ ಆಲ್ಕೈನ್‌ಗಳನ್ನು ಕೋಬಾಲ್ಟ್ ಮೂರು ಮೂರಾಗಿ ಸೇರಿಸಿದರೆ ಆರು ದಳದ ಹೂವಿನಂಥ ಅಣು ಬರುತ್ತದೆ. ಆ ದಳಗಳನ್ನು ಒಂದಕ್ಕೊಂದು ಹೊಲಿದರೆ 42 ಇಂಗಾಲಗಳ ಚಪ್ಪಟೆ ಹಾಳೆ, ಗ್ರಾಫೀನಿನ ಒಂದು ಚೂರು. ಜರ್ಮನಿಯ ಮೈಂಜ್‌ನಲ್ಲಿ ಕ್ಲೌಸ್ ಮ್ಯೂಲೆನ್ ಗುಂಪು ಇಂಥ ಹಾಳೆಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿತು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದೆ. ಹಿಂದಿನ ಬೆಂಚಿನ ಆ ಗೆಳೆಯ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಅಸಿಟಿಲೀನ್ ಜೊತೆ ನನಗಿಂತ ಹೆಚ್ಚು ಒಡನಾಟ ಅವನದೇ. ಪವರ್ ಟಿಲ್ಲರಿನ ಮುರಿದ ಭಾಗಕ್ಕೆ ಬೆಸುಗೆ ಹಾಕುತ್ತ ಕೂತಿದ್ದ. ನಾನು ಸ್ಟೂಲಿನ ಮೇಲೆ ಕೂತು, ಪಿಯುಸಿಯಲ್ಲಿ ನೀನು ಕೇಳಿದ ಪ್ರಶ್ನೆ ನೆನಪಿದೆಯಾ ಅಂದೆ. ಅವನಿಗೆ ನೆನಪಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ಹೇಳಿದೆ. ಗಾಜಿನ ಪಾತ್ರೆ, ನಿಕ್ಕೆಲ್, ದಾಳಿಂಬೆ ತೊಗಟೆ, ದಪ್ಪ ಮಾವ. ಕಾರ್ಬೈಡ್ ಗೋಪುರದ ಭಾಗ ಬಂದಾಗ ಅವನು ಜ್ವಾಲೆ ಆರಿಸಿ, ಕನ್ನಡಕ ತೆಗೆದು ಕೇಳಿಸಿಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಅಂದ್ರೆ ನಾಲ್ಕೂ ಸೇರುತ್ತೆ ಅನ್ನು" ಅಂದ.

"ಸೇರುತ್ತೆ ಮಾರಾಯ."

"ಮತ್ತೆ ಮೇಷ್ಟ್ರು ಕೂತ್ಕೋ ಅಂದ್ರಲ್ಲ!" ಎಂದು ನಕ್ಕು, ಹುಡುಗನನ್ನು ಎರಡು ಟೀ ತರಲು ಕಳಿಸಿ, ಮತ್ತೆ ಕನ್ನಡಕ ಏರಿಸಿಕೊಂಡ.